ಶಾಲೆಯ ಕಾನೂನು ಸದನದಲ್ಲಿ ಹುಟ್ಟುವ ಬಗೆ

1912ರ ಮಾರ್ಚ್ 19. ಕಲ್ಕತ್ತದ ಇಂಪೀರಿಯಲ್ ಶಾಸನಸಭೆಯಲ್ಲಿ ಗೋಪಾಲಕೃಷ್ಣ ಗೋಖಲೆಯವರ ಪ್ರಾಥಮಿಕ ಶಿಕ್ಷಣ ಮಸೂದೆಯ ಮೇಲಿನ ಎರಡು ದಿನಗಳ ಚರ್ಚೆ ಮುಗಿದು ಮತ ಎಣಿಸಿದರು. ಪರವಾಗಿ 13, ವಿರುದ್ಧವಾಗಿ 38. ಮಸೂದೆಯನ್ನು ಅಂಗೀಕರಿಸಿ ಎಂದು ಗೋಖಲೆ ಆ ದಿನ ಕೇಳಿರಲಿಲ್ಲ. ಹದಿನೈದು ಸದಸ್ಯರ ಪ್ರವರ ಸಮಿತಿಯೊಂದಕ್ಕೆ ಒಪ್ಪಿಸಿ ಪರಿಶೀಲಿಸೋಣ ಎಂದಷ್ಟೇ ಕೋರಿದ್ದರು. ಸದನ ಅದಕ್ಕೂ ಒಪ್ಪಲಿಲ್ಲ.

ಸೋಲುವುದು ಅವರಿಗೆ ಗೊತ್ತಿತ್ತು. ಸದನದಲ್ಲಿ ಸರ್ಕಾರಿ ಸದಸ್ಯರದೇ ಬಹುಮತ. ಸರ್ಕಾರ ಮಸೂದೆಯನ್ನು ವಿರೋಧಿಸಲು ನಿರ್ಧರಿಸಿತ್ತು. ಸಂಜೆಯೊಳಗೆ ಮಸೂದೆ ಬಿದ್ದುಹೋಗುತ್ತದೆ, ಅದಕ್ಕಾಗಿ ತನಗೆ ದೂರೂ ಇಲ್ಲ, ನಿರಾಶೆಯೂ ಇಲ್ಲ ಎಂದು ಅವರು ಭಾಷಣದಲ್ಲೇ ಹೇಳಿದರು. ಆದರೂ ಇಂಗ್ಲೆಂಡ್, ಐರ್ಲೆಂಡ್‌ಗಳ ಶಿಕ್ಷಣ ಕಾನೂನುಗಳನ್ನೂ ಬರೋಡಾದಲ್ಲಿ ಸಯಾಜಿರಾವ್ ಗಾಯಕವಾಡರು ಕೈಗೊಂಡಿದ್ದ ಕಡ್ಡಾಯ ಶಿಕ್ಷಣದ ಪ್ರಯೋಗವನ್ನೂ ಮುಂದಿಟ್ಟುಕೊಂಡು, ಒಂದೊಂದು ಆಕ್ಷೇಪಕ್ಕೂ ಉತ್ತರ ಕೊಟ್ಟರು. ನಮ್ಮ ದೇಶದಲ್ಲಿ ಶಿಕ್ಷಣದ ಕಾನೂನೊಂದು ಹೇಗೆ ರೂಪುಗೊಳ್ಳುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ತಿಳಿಯಬೇಕಾದರೆ ಈ ಸೋತ ಮಸೂದೆಯಿಂದಲೇ ಆರಂಭಿಸಬೇಕು.

ಗೋಖಲೆಯವರ ಹುಟ್ಟೂರು ರತ್ನಾಗಿರಿ ಜಿಲ್ಲೆಯ ಕೋತಳೂಕ್. ಆರಂಭದ ಓದು ನಮ್ಮ ನಿಪ್ಪಾಣಿಗೆ ಸಮೀಪದ ಕಾಗಲ್‌ನಲ್ಲಿ, ಮುಂದಿನದು ಕೊಲ್ಹಾಪುರದಲ್ಲಿ. ಹದಿನೈದು ರೂಪಾಯಿ ಸಂಬಳದ ಅಣ್ಣ ತಿಂಗಳಿಗೆ ಎಂಟು ರೂಪಾಯಿ ಕಳಿಸಿ ಅವರನ್ನು ಓದಿಸಿದ. ಮುಂದೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಸುಮಾರು ಎರಡು ದಶಕ ಪಾಠ ಹೇಳಿದ ಮೇಷ್ಟರು ಅವರು. ಬಡವರ ಮನೆಯಲ್ಲಿ ಒಂದು ಮಗುವನ್ನು ಓದಿಸಲು ಏನೇನು ಕಳೆದುಕೊಳ್ಳಬೇಕಾಗುತ್ತದೆ ಎಂಬ ಅರಿವು ಅವರ ಮಸೂದೆಯ ಖಂಡ ಖಂಡದಲ್ಲೂ ಕಾಣುತ್ತದೆ.

ಅವರ ಮೊದಲ ಹೆಜ್ಜೆ ಮಸೂದೆಯಾಗಿರಲಿಲ್ಲ. 1909ರ ಮಾರ್ಲೆ-ಮಿಂಟೋ ಸುಧಾರಣೆಗಳು ಸದಸ್ಯರಿಗೆ ಸಾರ್ವಜನಿಕ ವಿಷಯಗಳ ಮೇಲೆ ಗೊತ್ತುವಳಿ ಮಂಡಿಸುವ ಅವಕಾಶ ಕೊಟ್ಟಿದ್ದವು. ಅದನ್ನು ಹಿಡಿದು, 1910ರ ಮಾರ್ಚ್‌ನಲ್ಲಿ ಉಚಿತ ಮತ್ತು ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ನಾಂದಿ ಹಾಡಬೇಕು, ಅದರ ರೂಪುರೇಷೆಗೆ ಆಯೋಗವೊಂದನ್ನು ನೇಮಿಸಬೇಕು ಎಂಬ ಗೊತ್ತುವಳಿ ತಂದರು. ಪರಿಶೀಲಿಸುತ್ತೇವೆ ಎಂದು ಸರ್ಕಾರ ಭರವಸೆ ಕೊಟ್ಟಿತು. ಗೋಖಲೆ ಗೊತ್ತುವಳಿ ಹಿಂತೆಗೆದುಕೊಂಡರು. ಅದೇ ವರ್ಷ ಶಿಕ್ಷಣಕ್ಕೆ ಪ್ರತ್ಯೇಕ ಇಲಾಖೆ ಹುಟ್ಟಿತು, ಹಾರ್ಕೋರ್ಟ್ ಬಟ್ಲರ್ ಅದರ ಹೊಣೆ ಹೊತ್ತರು. ಆದರೆ ಕಡ್ಡಾಯ ಶಿಕ್ಷಣದ ಮಾತು ಅಲ್ಲಿಗೇ ನಿಂತಿತು. 1911ರ ಮಾರ್ಚ್ 16ರಂದು ಗೋಖಲೆ ತಾವೇ ಮಸೂದೆ ಮಂಡಿಸಿದರು.

ಎಷ್ಟು ಎಚ್ಚರದಿಂದ ಹೆಣೆದ ಮಸೂದೆ ಅದು! ಕಡ್ಡಾಯ ಎಂಬುದು ಇಡೀ ದೇಶಕ್ಕೆ ಒಮ್ಮೆಲೇ ಅಲ್ಲ. ಮುನಿಸಿಪಾಲಿಟಿಯೋ ಜಿಲ್ಲಾ ಬೋರ್ಡೋ ತಾನಾಗಿ ಬಯಸಬೇಕು, ಸರ್ಕಾರದ ಒಪ್ಪಿಗೆ ಪಡೆಯಬೇಕು. ಅದಕ್ಕೂ ಮೊದಲು ಆ ಪ್ರದೇಶದ ಮಕ್ಕಳಲ್ಲಿ ನಿಗದಿತ ಪಾಲು ಜನ ಶಾಲೆಗೆ ಬರುತ್ತಿರಬೇಕು. ವಯಸ್ಸು ಆರರಿಂದ ಹತ್ತು. ಮೊದಲಿಗೆ ಗಂಡುಮಕ್ಕಳಿಗೆ ಮಾತ್ರ. ಹೆಣ್ಣುಮಕ್ಕಳಿಗೆ ವಿಸ್ತರಿಸುವ ದಾರಿಯನ್ನು ತೆರೆದಿಟ್ಟಿದ್ದರು. ತಿಂಗಳಿಗೆ ಹತ್ತು ರೂಪಾಯಿಗಿಂತ ಕಡಿಮೆ ಆದಾಯದ ಮನೆಗಳಿಗೆ ಶುಲ್ಕವಿಲ್ಲ. ಖರ್ಚಿನ ಬಹುಪಾಲನ್ನು ಸರ್ಕಾರ ಹೊರಬೇಕು, ಉಳಿದುದಕ್ಕೆ ಸ್ಥಳೀಯ ಸಂಸ್ಥೆ ಬೇಕಿದ್ದರೆ ಶಿಕ್ಷಣ ತೆರಿಗೆ ಹಾಕಬಹುದು. ಎದುರಾಳಿ ಏನನ್ನು ಪ್ರಶ್ನಿಸಬಹುದು ಎಂದು ಮೊದಲೇ ಊಹಿಸಿ ಪ್ರತಿ ಖಂಡದಲ್ಲೂ ಒಂದೊಂದು ಹೆಜ್ಜೆ ಹಿಂದೆ ಸರಿದಿದ್ದರು. ಇಂದಿನ ಕಣ್ಣಿಗೆ ಹೆಣ್ಣುಮಕ್ಕಳನ್ನು ನಂತರಕ್ಕೆ ಇಟ್ಟದ್ದು ನೋಯಿಸುತ್ತದೆ. ಆದರೆ ಇಷ್ಟು ಸಣ್ಣದಾಗಿ ಕೇಳಿದರೂ ಇಲ್ಲ ಎನ್ನಿಸಿಕೊಂಡ ಮಸೂದೆ ಇದು ಎಂಬುದನ್ನೂ ನೆನಪಿಡಬೇಕು.

ಮಸೂದೆಯನ್ನು ಅಭಿಪ್ರಾಯಕ್ಕಾಗಿ ಪ್ರಾಂತ್ಯ ಸರ್ಕಾರಗಳಿಗೆ, ಸ್ಥಳೀಯ ಸಂಸ್ಥೆಗಳಿಗೆ ಕಳಿಸಲಾಯಿತು. ಒಂದು ವರ್ಷದ ನಂತರ ಬಂದ ಚರ್ಚೆಯಲ್ಲಿ ಆಕ್ಷೇಪಗಳು ಸಾಲುಗಟ್ಟಿದವು. ಜನರಿಂದಲೇ ಬೇಡಿಕೆ ಇಲ್ಲ. ಸ್ವ ಇಚ್ಛೆಯಿಂದ ಬರುವ ಮಕ್ಕಳಿಗೇ ಇನ್ನೂ ಶಾಲೆಗಳಿಲ್ಲ, ಬರದವರನ್ನು ಎಳೆದು ತರುವುದೇಕೆ? ತರಬೇತಾದ ಶಿಕ್ಷಕರೆಲ್ಲಿ? ಹೊಸ ತೆರಿಗೆಯನ್ನು ಜನ ಸಹಿಸುವುದಿಲ್ಲ. ಜಮೀನ್ದಾರರ ಕಡೆಯವರಿಗಂತೂ ಮಕ್ಕಳು ಶಾಲೆಗೆ ಹೋದರೆ ಹೊಲಗದ್ದೆಗಳ ಕೆಲಸಕ್ಕೆ ಕೈಗಳು ಸಿಗುವುದಿಲ್ಲವೆಂಬ ಆತಂಕ. ಪರವಾಗಿ ನಿಂತವರಲ್ಲಿ ಮದನಮೋಹನ ಮಾಳವೀಯ, ಮಜರುಲ್ ಹಕ್, ಮಹಮ್ಮದ್ ಅಲಿ ಜಿನ್ನಾ ಇದ್ದರು. ಬೇರೆ ಬೇರೆ ದಾರಿಗಳಲ್ಲಿ ಮುಂದೆ ನಡೆದ ಈ ಮೂವರೂ ಆ ದಿನ ಹದಿಮೂರರ ಸಾಲಿನಲ್ಲಿ ಒಟ್ಟಿಗೆ ಇದ್ದುದು ಇಂದಿಗೂ ಮನಸ್ಸನ್ನು ತಟ್ಟುತ್ತದೆ.

ಸೋತ ಮಸೂದೆ ವ್ಯರ್ಥವಾಗಲಿಲ್ಲ. 1913ರ ಫೆಬ್ರವರಿಯಲ್ಲಿ ಸರ್ಕಾರ ಹೊರಡಿಸಿದ ಶಿಕ್ಷಣ ನೀತಿಯ ನಿರ್ಣಯ ಕಡ್ಡಾಯವನ್ನು ಒಪ್ಪದಿದ್ದರೂ ಶಾಲೆಗಳ ವಿಸ್ತರಣೆಯ ಮಾತಾಡಲೇಬೇಕಾಯಿತು. ಅದೇ ವರ್ಷ ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ ತಂದು, ಆಯ್ದ ಕೆಲವು ಕಡೆ ಕಡ್ಡಾಯ ಶಿಕ್ಷಣಕ್ಕೆ ಕೈಹಾಕಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲ ಅದು. 1918ರಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬಯಿ ಪ್ರಾಂತ್ಯದ ಮುನಿಸಿಪಾಲಿಟಿಗಳಿಗೆ ಕಡ್ಡಾಯ ಶಿಕ್ಷಣದ ಅಧಿಕಾರ ಕೊಡುವ ಕಾಯ್ದೆ ಬಂತು, ಧಾರವಾಡ-ಬೆಳಗಾವಿಗಳು ಆಗ ಆ ಪ್ರಾಂತ್ಯದಲ್ಲಿದ್ದವು. ಮಂಗಳೂರು-ಬಳ್ಳಾರಿಗಳನ್ನು ಒಳಗೊಂಡ ಮದ್ರಾಸ್ ಪ್ರಾಂತ್ಯದಲ್ಲಿ 1920ರಲ್ಲಿ. 1915ರಲ್ಲೇ ತೀರಿಕೊಂಡ ಗೋಖಲೆ ಪಟೇಲರ ಕಾಯ್ದೆಯನ್ನಾಗಲಿ ಮದ್ರಾಸಿನ ಕಾಯ್ದೆಯನ್ನಾಗಲಿ ನೋಡಲಿಲ್ಲ.

ಅದೇ ಪ್ರಶ್ನೆ 1948ರ ನವೆಂಬರ್ 23ರಂದು ಸಂವಿಧಾನ ರಚನಾ ಸಭೆಯಲ್ಲಿ ಮತ್ತೆ ಎದ್ದಿತು. ಉಚಿತ ಪ್ರಾಥಮಿಕ ಶಿಕ್ಷಣಕ್ಕೆ ಪ್ರತಿಯೊಬ್ಬ ಪ್ರಜೆಯೂ ಹಕ್ಕುಳ್ಳವನು ಎಂಬ ಮಾತು ಕರಡಿನಲ್ಲಿತ್ತು. ನಿರ್ದೇಶಕ ತತ್ವಗಳಲ್ಲಿ ಹಕ್ಕಿನ ಮಾತು ಹೊಂದುವುದಿಲ್ಲವೆಂದು ಲಕ್ಷ್ಮೀಕಾಂತ ಮೈತ್ರ ತಿದ್ದುಪಡಿ ತಂದರು, ಡಾ. ಅಂಬೇಡ್ಕರ್ ಒಪ್ಪಿದರು, ಆ ಸಾಲು ಹೋಯಿತು. ಕಡ್ಡಾಯ ಶಿಕ್ಷಣವನ್ನು ಪ್ರಾಥಮಿಕ ಹಂತಕ್ಕೆ ಸೀಮಿತಗೊಳಿಸಬೇಕೆಂಬ ನಜೀರುದ್ದೀನ್ ಅಹಮದರ ತಿದ್ದುಪಡಿಯನ್ನು ಮಾತ್ರ ಅಂಬೇಡ್ಕರ್ ಒಪ್ಪಲಿಲ್ಲ. ಹದಿನಾಲ್ಕರ ಒಳಗಿನ ಮಕ್ಕಳನ್ನು ಕಾರ್ಖಾನೆಗಳಲ್ಲಿ ದುಡಿಸಬಾರದೆಂದು ಸಂವಿಧಾನವೇ ಹೇಳುವಾಗ, ಆ ವಯಸ್ಸಿನವರೆಗೂ ಮಗು ಶಾಲೆಯಲ್ಲಿರಬೇಕಲ್ಲವೇ ಎಂಬುದು ಅವರ ವಾದ. ಹತ್ತರ ವಯಸ್ಸಿಗೆ ನಿಲ್ಲಬಹುದಾಗಿದ್ದ ಗುರಿ ಹದಿನಾಲ್ಕರಲ್ಲೇ ಉಳಿದದ್ದು ಆ ಒಂದು ಉತ್ತರದಿಂದ. ಹತ್ತು ವರ್ಷದೊಳಗೆ ಇದನ್ನು ಸಾಧಿಸಲು ಯತ್ನಿಸಬೇಕು ಎಂದು 45ನೇ ವಿಧಿ ಹೇಳಿತು. ಕಳೆದುಹೋದ ಹಕ್ಕಿನ ಸಾಲು 21ಎ ವಿಧಿಯ ರೂಪದಲ್ಲಿ ಮರಳಲು 2002ರ 86ನೇ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಇಂದು ವಿಧಾನಸೌಧದಲ್ಲಿ ಶಿಕ್ಷಣದ ಮಸೂದೆಯೊಂದು ಸಾಗುವ ದಾರಿ ಹೀಗಿದೆ. ಸಂಪುಟ ಒಪ್ಪಿದ ಮಸೂದೆಯನ್ನು ಸಚಿವರು ಮಂಡಿಸುತ್ತಾರೆ. ಅದರ ಜೊತೆಗೆ ಉದ್ದೇಶ ಮತ್ತು ಕಾರಣಗಳ ಹೇಳಿಕೆ ಇರುತ್ತದೆ, ಖರ್ಚಿದ್ದರೆ ಹಣಕಾಸಿನ ಟಿಪ್ಪಣಿಯೂ ಇರುತ್ತದೆ. ಪತ್ರಿಕೆಗಳಲ್ಲಿ ಹೆಚ್ಚು ಕಾಣದ ಈ ಎರಡು ಪುಟಗಳನ್ನು ಮೊದಲು ಓದಬೇಕು. ಸರ್ಕಾರದ ನಿಜವಾದ ಬದ್ಧತೆ ಎರಡನೆಯದರಲ್ಲಿ ಗೊತ್ತಾಗುತ್ತದೆ. ಬಳಿಕ ಪರ್ಯಾಲೋಚನೆ, ಖಂಡವಾರು ಪರಿಶೀಲನೆ, ಅಂಗೀಕಾರ. ಬೇಕೆನಿಸಿದರೆ ಸದನ ಸಮಿತಿಗೆ ಒಪ್ಪಿಸಬಹುದು. ಸಾಮಾನ್ಯವಾಗಿ ಧ್ವನಿಮತದಲ್ಲೇ ಮುಗಿಯುತ್ತದೆ. ಸದಸ್ಯರು ಒತ್ತಾಯಿಸಿದರೆ ಮಾತ್ರ ಮತ ಎಣಿಕೆ. ಮಂತ್ರಿಯಲ್ಲದ ಸದಸ್ಯರೂ ಖಾಸಗಿ ಮಸೂದೆ ತರಬಹುದು, ಆದರೆ ಅವು ದಡ ಸೇರುವುದು ಅಪರೂಪ. ಸಂಸತ್ತಿನಲ್ಲೇ ಇದುವರೆಗೆ ಕಾನೂನಾದ ಖಾಸಗಿ ಮಸೂದೆಗಳು 14, ಕೊನೆಯದು 1970ರಲ್ಲಿ. ಹಾಗೆಂದು ಅವು ನಿಷ್ಪ್ರಯೋಜಕವಲ್ಲ. ಸರ್ಕಾರದ ನಿಲುವನ್ನು ಕಡತದಲ್ಲಿ ದಾಖಲಿಸಲು ಅದಕ್ಕಿಂತ ಒಳ್ಳೆಯ ಸಾಧನ ವಿರೋಧ ಪಕ್ಷದವರ ಕೈಯಲ್ಲಿ ಕಡಿಮೆ.

ವಿಧಾನಸಭೆ ದಾಟಿದ ಮಸೂದೆ ವಿಧಾನ ಪರಿಷತ್ತಿಗೆ ಬರುತ್ತದೆ. ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಶಿಕ್ಷಕರ ಕ್ಷೇತ್ರಗಳಿಗೆ, ಏಳು ಪದವೀಧರರಿಗೆ. ದೈಹಿಕ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿ 1980ರಿಂದ 2022ರವರೆಗೆ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಸತತ ಎಂಟು ಬಾರಿ ಗೆದ್ದು, ಸಭಾಪತಿಯೂ ಆದರು. ವೇತನ ತಾರತಮ್ಯ, ಅನುದಾನ, ಪಿಂಚಣಿ, ವರ್ಗಾವಣೆಯ ಮಾತುಗಳು ಪರಿಷತ್ತಿನಲ್ಲಿ ಬಲವಾಗಿ ಕೇಳಿಬರುವುದಕ್ಕೆ ಈ ಕ್ಷೇತ್ರಗಳೇ ಕಾರಣ. ಆದರೆ ಒಂದು ದೊಡ್ಡ ಕೊರತೆಯಿದೆ. ಸಂವಿಧಾನದ 171ನೇ ವಿಧಿಯ ಪ್ರಕಾರ ಪ್ರೌಢಶಾಲೆಗಿಂತ ಕೆಳಗಿಲ್ಲದ ಸಂಸ್ಥೆಗಳಲ್ಲಿ ಕನಿಷ್ಠ ಮೂರು ವರ್ಷ ಪಾಠ ಮಾಡಿದವರಿಗಷ್ಟೇ ಇಲ್ಲಿ ಮತ. ಒಂದನೇ ತರಗತಿಯ ಮಗುವಿಗೆ ಅ ಆ ಇ ಈ ತಿದ್ದಿಸುವ ಶಿಕ್ಷಕಿಗೆ ಶಿಕ್ಷಕರ ಕ್ಷೇತ್ರದಲ್ಲಿ ಮತವಿಲ್ಲ. ಕಡ್ಡಾಯ ಶಿಕ್ಷಣದ ಕಾನೂನುಗಳ ಭಾರವೆಲ್ಲ ಬೀಳುವುದು ಆಕೆಯ ಮೇಲೆಯೇ. ಪರಿಷತ್ತಿನ ಶಕ್ತಿಗೂ ಮಿತಿ ಇದೆ: ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು ತಡೆಯಬಹುದು, ಅಷ್ಟೆ.

ಸದನಗಳೆರಡೂ ಒಪ್ಪಿದ ಮಾತ್ರಕ್ಕೆ ಕೆಲಸ ಮುಗಿಯಿತೆನ್ನುವಂತಿಲ್ಲ. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ಶಿಕ್ಷಣವನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಸಾಗಿಸಿತು. ಹಾಗಾಗಿ ಕೇಂದ್ರದ ಕಾನೂನಿನೊಂದಿಗೆ ತಿಕ್ಕಾಟವಾಗಬಹುದಾದ ರಾಜ್ಯದ ಮಸೂದೆ ರಾಷ್ಟ್ರಪತಿಗಳ ಅಂಕಿತಕ್ಕೆ ದೆಹಲಿಗೆ ಹೋಗಬೇಕು. ಹೆಸರಿನಲ್ಲೇ 1983 ಎಂದು ಹೊತ್ತಿರುವ ಕರ್ನಾಟಕ ಶಿಕ್ಷಣ ಕಾಯ್ದೆಗೆ ಅಂಕಿತ ಬಿದ್ದದ್ದು 1993ರಲ್ಲಿ, ಜಾರಿಗೆ ಬಂದದ್ದು 1995ರಲ್ಲಿ. ಮಸೂದೆ ಚರ್ಚೆಯಾದಾಗ ಒಂದನೇ ತರಗತಿಗೆ ಸೇರಿದ್ದ ಮಗು, ಕಾಯ್ದೆ ಜಾರಿಯಾಗುವ ಹೊತ್ತಿಗೆ ಪಿಯುಸಿ ಮುಗಿಸಿತ್ತು.

ಇನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ. 2008ರ ಡಿಸೆಂಬರ್‌ನಲ್ಲಿ ರಾಜ್ಯಸಭೆಗೆ ಬಂದ ಮಸೂದೆ ಸ್ಥಾಯಿ ಸಮಿತಿಯನ್ನು ಹಾದು, 2009ರ ಜುಲೈ 20ರಂದು ರಾಜ್ಯಸಭೆಯಲ್ಲೂ ಆಗಸ್ಟ್ 4ರಂದು ಲೋಕಸಭೆಯಲ್ಲೂ ಒಪ್ಪಿಗೆ ಪಡೆಯಿತು. 2009ರಲ್ಲಿ ಅದನ್ನು ಸದನಗಳಲ್ಲಿ ಮುನ್ನಡೆಸಿದವರು ಆಗಿನ ಸಚಿವ ಕಪಿಲ್ ಸಿಬಲ್. 1912ರ ಪ್ರಶ್ನೆಗಳು ಬಟ್ಟೆ ಬದಲಿಸಿ ಮತ್ತೆ ಬಂದವು: ಹಣ ಯಾರದು, ಕೇಂದ್ರದ ಪಾಲೆಷ್ಟು ರಾಜ್ಯದ ಪಾಲೆಷ್ಟು, ಶಿಕ್ಷಕರೆಲ್ಲಿ. ಖಾಸಗಿ ಶಾಲೆಗಳ ಶೇ 25ರಷ್ಟು ಸೀಟುಗಳನ್ನು ಬಡ ಮತ್ತು ಅವಕಾಶವಂಚಿತ ಮಕ್ಕಳಿಗೆ ಕೊಡಬೇಕೆಂಬ 12ನೇ ಸೆಕ್ಷನ್ ಹೆಚ್ಚು ಕಾವೇರಿಸಿತು. ಖಾಸಗಿ ಶಾಲೆಗಳವರು ಸುಪ್ರೀಂ ಕೋರ್ಟಿಗೆ ಹೋದರು. 2012ರ ಏಪ್ರಿಲ್‌ನಲ್ಲಿ ಕೋರ್ಟು ಆ ಸೆಕ್ಷನ್ ಎತ್ತಿಹಿಡಿಯಿತು. 2014ರ ಮೇ 6ರಂದು ಅಲ್ಪಸಂಖ್ಯಾತ ಶಾಲೆಗಳನ್ನು ಕಾಯ್ದೆಯ ಹೊರಗಿಟ್ಟಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯೇ ಮಾಧ್ಯಮವಾಗಬೇಕೆಂಬ ಕರ್ನಾಟಕದ 1994ರ ಆದೇಶಕ್ಕೆ ಸಂಬಂಧಿಸಿ, ಸರ್ಕಾರ ಹಾಗೆ ಬಲವಂತಪಡಿಸಲಾಗದು ಎಂಬ ತೀರ್ಪು ಬಂದದ್ದೂ ಅದೇ ದಿನ. ಅದಾದ ಮರುವರ್ಷ ರಾಜ್ಯದ ಶಾಸಕಾಂಗ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಯಲೇಬೇಕೆಂಬ ಕಾಯ್ದೆ ಮಾಡಿತು.

ಸದನದಲ್ಲಿ ಗಂಟೆಗಟ್ಟಲೆ ಚರ್ಚೆಯಾದದ್ದು ನಿಯಮಗಳಲ್ಲಿ ಸದ್ದಿಲ್ಲದೆ ಬದಲಾಗುವುದೂ ಉಂಟು. ಕರ್ನಾಟಕ ಸರ್ಕಾರ ಶಿಕ್ಷಣ ಹಕ್ಕಿನ ನಿಯಮಗಳನ್ನು ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಶೇ 25ರ ಸೀಟುಗಳು ಅನ್ವಯಿಸುವುದಿಲ್ಲವೆಂದು ಹೇಳಿತು. 2019ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆಗಳು ಬರಿದಾಗುವುದನ್ನು ತಡೆಯಬೇಕೆಂಬ ವಾದದಲ್ಲಿ ಹುರುಳಿದೆ. ಆದರೆ ಸಾವಿರಾರು ಕುಟುಂಬಗಳನ್ನು ತಟ್ಟುವ ಇಂಥ ಬದಲಾವಣೆ ಅಧಿಸೂಚನೆಯಾಗಿ ಬರುವ ಮೊದಲು ಸದನದಲ್ಲಿ ಖಂಡವಾರು ಚರ್ಚೆಯಾಗಬೇಕಿತ್ತು.

ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಇನ್ನೂ ಬಾಕಿ ಉಳಿದಿರುವ ಕೆಲಸ. ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣದ ಏರ್ಪಾಟನ್ನು ಸರ್ಕಾರ ಮಾಡಬಹುದು ಎನ್ನುತ್ತದೆ ಅದು, ಮಾಡಲೇಬೇಕು ಎನ್ನುವುದಿಲ್ಲ. ಹದಿನಾಲ್ಕು ದಾಟಿದ ಮಕ್ಕಳನ್ನಂತೂ ಕಾಯ್ದೆ ಬಹುಮಟ್ಟಿಗೆ ಮುಟ್ಟುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಹದಿನೆಂಟರವರೆಗಿನ ಶಿಕ್ಷಣದ ಮಾತಾಡುತ್ತದೆ. ಆದರೆ ನೀತಿಯನ್ನು ಹಿಡಿದುಕೊಂಡು ತಾಯಿಯೊಬ್ಬಳು ಕೋರ್ಟಿಗೆ ಹೋಗಲಾರಳು. ಅದಕ್ಕೆ ಯಾರಾದರೂ ಸಂಸತ್ತಿನಲ್ಲಿ ತಿದ್ದುಪಡಿ ಮಸೂದೆ ಮಂಡಿಸಬೇಕು, ಅಂಗನವಾಡಿ ಕಾರ್ಯಕರ್ತೆಯರ ಸಂಬಳದಿಂದ ಹಿಡಿದು ಹೈಸ್ಕೂಲು ಕಟ್ಟಡಗಳವರೆಗೆ ಖರ್ಚಿನ ಲೆಕ್ಕ ಕೊಡಬೇಕು, ಹಣ ಎಲ್ಲಿಂದ ಎಂದು ಕೇಳುವ ಸದಸ್ಯರಿಗೆ ಉತ್ತರ ಹೇಳಬೇಕು.