ಸ್ಟೇರಿಂಗ್ ಕಾರಿನ ಕೈಯಲ್ಲಿ, ಹೊಣೆ ಯಾರ ತಲೆಯ ಮೇಲೆ?

ಕಬ್ಬಿನ ಹಂಗಾಮಿನ ಒಂದು ರಾತ್ರಿ. ಜತ್ತ ತಾಲೂಕಿನ ಕುಣಿಕೋಣೂರದಿಂದ ಹೊರಟ ಹೊಸ ಸಣ್ಣ ಕಾರೊಂದು ಊರಿನ ಕಿರಿದಾದ ದಾರಿಯನ್ನು ಮುಗಿಸಿ ಹೆದ್ದಾರಿಗೆ ಏರಿದೆ ಎಂದು ಕಲ್ಪಿಸಿಕೊಳ್ಳಬಹುದು. ಗಾಜಿನ ಮೇಲ್ತುದಿಯಲ್ಲಿ ಕನ್ನಡಿಯ ಹಿಂದೆ ಒಂದು ಕ್ಯಾಮೆರಾ, ಮುಂದಿನ ಬಂಪರಿನೊಳಗೆ ಒಂದು ರಡಾರ್. ಚಾಲಕನು ವೇಗವನ್ನು ಗಂಟೆಗೆ 70 ಕಿ.ಮೀ.ಗೆ ನಿಲ್ಲಿಸಿ ಕಾಲನ್ನು ಹಿಂದೆಳೆದುಕೊಂಡಿದ್ದಾನೆ. ಎದುರಿಗೆ ವಾಹನ ಬಂದರೆ ಕಾರು ತಾನೇ ನಿಧಾನವಾಗುತ್ತದೆ, ಬಿಳಿ ಗೆರೆ ದಾಟಿದರೆ ತಾನೇ ಸ್ಟೇರಿಂಗನ್ನು ತಿದ್ದುತ್ತದೆ. ಕೊಂಡಾಗ ಶೋರೂಮಿನಲ್ಲಿ ಹಾಗೆಂದೇ ಹೇಳಿ ಕೊಟ್ಟಿದ್ದಾರೆ. ಸ್ವಲ್ಪ ಮುಂದೆ ಕಬ್ಬು ಹೇರಿದ ಎರಡು ಟ್ರೇಲರುಗಳ ಟ್ರ್ಯಾಕ್ಟರ್ ಪಂಕ್ಚರಾಗಿ ನಿಂತಿದೆ. ಹಿಂದೆ ಕೆಂಪು ದೀಪವಿಲ್ಲ. ಗುರುತಿಗೆ ನಾಲ್ಕು ಕಲ್ಲು, ಒಂದು ಹಸಿರು ಟೊಂಗೆ ಇಟ್ಟಿದ್ದಾರೆ, ಅಷ್ಟೆ. ಅದರಾಚೆ ರಸ್ತೆಯ ಮಗ್ಗುಲಲ್ಲಿ, ಗುಡ್ಡಾಪುರದ ದಾನಮ್ಮದೇವಿಯ ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಕಾಲ್ನಡಿಗೆಯಲ್ಲಿ ಹೊರಟ ಭಕ್ತರ ಸಾಲು.

ಈ ಕ್ಷಣದಲ್ಲಿ ಕಾರು ಬ್ರೇಕು ಹಾಕದೆ ಹೋದರೆ, ಒಂದು ಜೀವ ಹೋದರೆ, ಪಂಚನಾಮೆಯ ಮೇಲೆ ಆರೋಪಿಯ ಹೆಸರು ಯಾರದು?

ಇಂದಿನ ಕಾಯ್ದೆಯ ಪ್ರಕಾರ ಉತ್ತರದಲ್ಲಿ ಯಾವ ಗೊಂದಲವೂ ಇಲ್ಲ. ಚಾಲಕನ ಆಸನದಲ್ಲಿ ಕುಳಿತವನದು. ಗೊಂದಲವಿರುವುದು ಕಾರನ್ನು ಮಾರುವ ಮಾತಿನಲ್ಲಿ.

ಸಣ್ಣ ಕಾರು ಭಾರತದ ಮಧ್ಯಮ ವರ್ಗದ ಮನೆಯಂಗಳಕ್ಕೆ ಬಂದದ್ದು 1983ರ ಡಿಸೆಂಬರ್‌ನಲ್ಲಿ ಹೊರಬಂದ ಮಾರುತಿ 800ರ ಮೂಲಕ. ಅದರಲ್ಲಿ ಎಲ್ಲವೂ ಚಾಲಕನ ಕೈಕಾಲುಗಳ ಕೆಲಸವೇ ಆಗಿತ್ತು. 2014ರಲ್ಲಿ ಮಾರುತಿ ಸೆಲೆರಿಯೊ ಕ್ಲಚ್ಚಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ ಅಗ್ಗದ ಕಾರಿನಲ್ಲೂ ಗೇರು ತಾನೇ ಬದಲಾಗುವಂತೆ ಮಾಡಿತು. ನಾಲ್ಕು ಮೀಟರಿಗಿಂತ ಉದ್ದ ಕಡಿಮೆಯಿರುವ ಕಾರಿಗೆ ತೆರಿಗೆ ಕಡಿಮೆ ಎಂಬ ಕಾರಣದಿಂದ ಕಂಪನಿಗಳು ಆ ಅಳತೆಯೊಳಗೇ ಎಲ್ಲವನ್ನೂ ತುಂಬತೊಡಗಿದವು. ದುಬಾರಿ ಕಾರುಗಳ ಸೊತ್ತಾಗಿದ್ದ ಚಾಲಕ ಸಹಾಯಕ ವ್ಯವಸ್ಥೆಯೂ ಹೀಗೆ ಕೆಳಗಿಳಿಯಿತು. 2023ರಲ್ಲಿ ಹುಂಡೈ ವೆನ್ಯೂ, 2024ರ ಆರಂಭದಲ್ಲಿ ಕಿಯಾ ಸೋನೆಟ್, ಅದೇ ವರ್ಷದ ಏಪ್ರಿಲ್‌ನಲ್ಲಿ ಮಹೀಂದ್ರಾ ಎಕ್ಸ್‌ಯುವಿ 3ಎಕ್ಸ್‌ಒ, ಡಿಸೆಂಬರ್‌ನಲ್ಲಿ ಹೋಂಡಾ ಅಮೇಜ್. 2025ರ ಸೆಪ್ಟೆಂಬರ್ 22ರಿಂದ ಈ ವರ್ಗದ ಸಣ್ಣ ಕಾರುಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದ ಮೇಲೆ ದ್ರಾಕ್ಷಿ, ದಾಳಿಂಬೆ ಬೆಳೆಯುವ ರೈತನಿಗೂ ಇಂಥ ಕಾರು ಕೈಗೆಟುಕುವಂತಾಗಿದೆ.

ಈ ಕಾರುಗಳಿಗೆ ‘ತಾನೇ ಓಡುವ ಕಾರು’ ಎಂಬ ಹೆಸರು ಸಲ್ಲದು. ಅಮೆರಿಕೆಯ ಎಸ್.ಎ.ಇ. ಸಂಸ್ಥೆ 2014ರಲ್ಲಿ ಪ್ರಕಟಿಸಿದ ಮಾನದಂಡ ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗೆ ವಿಂಗಡಿಸುತ್ತದೆ. ಮೇಲೆ ಹೇಳಿದ ಕಾರುಗಳೆಲ್ಲ ಒಂದನೆಯ ಇಲ್ಲವೆ ಎರಡನೆಯ ಹಂತದವು. ಎರಡನೆಯ ಹಂತದಲ್ಲಿ ಕಾರು ವೇಗವನ್ನೂ ದಿಕ್ಕನ್ನೂ ಒಟ್ಟಿಗೆ ನೋಡಿಕೊಳ್ಳಬಲ್ಲದು. ಆದರೆ ರಸ್ತೆಯ ಮೇಲಿನ ಕಣ್ಣು ಚಾಲಕನದೇ ಆಗಿರಬೇಕು. ಮೂರನೆಯ ಹಂತದಿಂದ ಮಾತ್ರ, ನಿಗದಿಯಾದ ಸನ್ನಿವೇಶಗಳಲ್ಲಿ, ನೋಡುವ ಹೊಣೆ ಯಂತ್ರಕ್ಕೆ ಹೋಗುತ್ತದೆ. ಎರಡಕ್ಕೂ ಮೂರಕ್ಕೂ ನಡುವಿನ ಗೆರೆ ಇಂಜಿನಿಯರನಿಗೆ ತಂತ್ರಜ್ಞಾನದ ಗೆರೆ, ವಕೀಲನಿಗೆ ಅದು ಜೈಲಿನ ಗೆರೆ.

ಯಂತ್ರದ ಕಣ್ಣು ಏನನ್ನು ಕಾಣುತ್ತದೆ ಎಂಬುದನ್ನು ಕೊಳ್ಳುವವರು ಕೇಳಿ ತಿಳಿಯಬೇಕು. ರಸ್ತೆಯ ಗೆರೆಯನ್ನು ಹಿಡಿದು ನಡೆಯುವ ವ್ಯವಸ್ಥೆಗೆ ಮೊದಲು ಗೆರೆ ಬೇಕು. ಹಳ್ಳಿಯ ಡಾಂಬರು ರಸ್ತೆಯಲ್ಲಿ ಅದು ಸುಮ್ಮನೆ ಮಲಗಿರುತ್ತದೆ. ಅನೇಕ ಕಾರುಗಳಲ್ಲಿ ನಿರ್ದಿಷ್ಟ ವೇಗ ಮೀರಿದ ನಂತರವೇ ಅದು ಎಚ್ಚರವಾಗುವುದು. ರಡಾರ್ ಚಲಿಸುವ ವಾಹನವನ್ನು ಚೆನ್ನಾಗಿ ಗುರುತಿಸುತ್ತದೆ. ನಿಂತ ವಸ್ತುವಿನ ವಿಷಯದಲ್ಲಿ ಅಷ್ಟು ನಂಬಿಕೆಗೆ ಅರ್ಹವಲ್ಲ. ರಸ್ತೆಯ ಫಲಕ, ಸೇತುವೆಯ ಕಟ್ಟೆಗಳಿಂದಲೂ ಅಲೆಗಳು ಮರಳುವುದರಿಂದ, ಪ್ರತಿಯೊಂದಕ್ಕೂ ಬ್ರೇಕು ಹಾಕದಿರಲೆಂದು ಹೆಚ್ಚಿನ ವೇಗದಲ್ಲಿ ನಿಂತ ವಸ್ತುಗಳನ್ನು ಅನೇಕ ವ್ಯವಸ್ಥೆಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಂಪನಿಗಳ ಕೈಪಿಡಿಗಳಲ್ಲಿಯೇ ಈ ಎಚ್ಚರಿಕೆ ಅಚ್ಚಾಗಿರುತ್ತದೆ. ಪಂಕ್ಚರಾಗಿ ನಿಂತ ಕಬ್ಬಿನ ಟ್ರೇಲರನ್ನು ಇದರ ಜೊತೆಗಿಟ್ಟು ನೋಡಬೇಕು. ಧೂಳು, ಕೆಸರು, ಜೋರು ಮಳೆ ಬಂದರಂತೂ ಫಲಕದ ಮೇಲೆ ಒಂದು ಸಾಲು ಮೂಡಿ ವ್ಯವಸ್ಥೆಯೇ ರಜೆ ಹಾಕುತ್ತದೆ.

ಭಾರತದ ರಸ್ತೆ ಬೇರೆ ಎಂಬುದನ್ನು ವಿಜ್ಞಾನಿಗಳೂ ಒಪ್ಪಿಕೊಂಡಿದ್ದಾರೆ. ಹೈದರಾಬಾದಿನ ಐ.ಐ.ಐ.ಟಿ. ಮತ್ತು ಇಂಟೆಲ್ ಕೂಡಿ 2018ರಲ್ಲಿ ಹೈದರಾಬಾದ್, ಬೆಂಗಳೂರು ಮತ್ತು ಸುತ್ತಲಿನ ರಸ್ತೆಗಳ ಹತ್ತು ಸಾವಿರ ಚಿತ್ರಗಳ ಸಂಗ್ರಹವೊಂದನ್ನು ಹೊರತಂದವು. ಅದರಲ್ಲಿ 34 ಬಗೆಯ ಗುರುತುಗಳಿವೆ. ಯುರೋಪಿನ ಸಂಗ್ರಹಗಳಲ್ಲಿ ಇಲ್ಲದ ಆಟೋರಿಕ್ಷಾ, ಪ್ರಾಣಿ ಇದರಲ್ಲಿ ಬಂದವು. ರಸ್ತೆಯಲ್ಲದಿದ್ದರೂ ವಾಹನ ಇಳಿಯಬಹುದಾದ ಮಗ್ಗುಲಿನ ಮಣ್ಣುನೆಲಕ್ಕೂ ಒಂದು ಹೆಸರು ಸಿಕ್ಕಿತು. ಎದುರಿನ ವಾಹನಕ್ಕೆ ದಾರಿ ಬಿಡಲು ಒಂದು ಗಾಲಿಯನ್ನು ಮಣ್ಣಿಗಿಳಿಸುವುದು ಈ ಭಾಗದ ಚಾಲಕನಿಗೆ ಉಸಿರಾಟದಷ್ಟು ಸಹಜ. ಯಂತ್ರಕ್ಕೆ ಅದನ್ನು ಪಾಠ ಮಾಡಿ ಕಲಿಸಬೇಕಾಯಿತು. ಹೈದರಾಬಾದಿನ ಐ.ಐ.ಟಿ.ಯಲ್ಲಿ 2022ರಿಂದ ಚಾಲಕರಹಿತ ವಾಹನಗಳ ಪರೀಕ್ಷಾಂಗಣವಿದೆ. ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ 2025ರ ಅಕ್ಟೋಬರ್‌ನಲ್ಲಿ ವಿಪ್ರೋ ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗದ ಚಾಲಕರಹಿತ ಕಾರು ಓಡಿತು. ಕಾಲೇಜಿನ ಆವರಣಕ್ಕೂ ವಿಜಯಪುರದ ಹೆದ್ದಾರಿಗೂ ಇರುವ ದೂರ ಕಿಲೋಮೀಟರುಗಳಲ್ಲಿ ಅಳೆಯುವಂಥದ್ದಲ್ಲ.

ಯಂತ್ರ ಮನುಷ್ಯನನ್ನು ಮನುಷ್ಯನೆಂದು ಗುರುತಿಸದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕೆಯ ಅರಿಜೋನಾ ರಾಜ್ಯದ ಟೆಂಪಿ ನಗರದ ಪ್ರಕರಣವೇ ಸಾಕ್ಷಿ. 2018ರ ಮಾರ್ಚ್ 18ರ ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಉಬರ್ ಕಂಪನಿಯ ಪ್ರಾಯೋಗಿಕ ಸ್ವಯಂಚಾಲಿತ ಕಾರು ಬಡಿಯಿತು. ಆಕೆ ತೀರಿಹೋದಳು. ಡಿಕ್ಕಿಗೆ 5.6 ಸೆಕೆಂಡು ಮೊದಲೇ ಕಾರು ಆಕೆಯನ್ನು ಕಂಡಿತ್ತು ಎಂದು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಹೇಳಿತು. ಕಂಡಿತ್ತಾದರೂ, ಇದು ವಾಹನವೋ ಸೈಕಲ್ಲೋ ಮತ್ತೇನೋ ಎಂದು ಮತ್ತೆ ಮತ್ತೆ ಅಭಿಪ್ರಾಯ ಬದಲಿಸುತ್ತಲೇ ಇತ್ತು. ದಾಟಲು ಗುರುತು ಮಾಡಿದ ಪಟ್ಟಿಯಿಲ್ಲದ ಕಡೆ ಜನ ರಸ್ತೆ ದಾಟಬಹುದು ಎಂಬ ವಿಚಾರವೇ ಆ ವ್ಯವಸ್ಥೆಯ ರಚನೆಯಲ್ಲಿ ಇರಲಿಲ್ಲ! ಪಾದಚಾರಿ ಪಟ್ಟಿಯನ್ನೇ ಕಾಣದ ನಮ್ಮ ಹಳ್ಳಿಗಳ ಜನ ಈ ವಾಕ್ಯವನ್ನು ಎರಡು ಸಲ ಓದಬೇಕು.

ಆ ಪ್ರಕರಣದ ಕೊನೆ ಇನ್ನೂ ಗಮನಾರ್ಹ. ಕಂಪನಿಯ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ಆಧಾರವಿಲ್ಲವೆಂದು 2019ರಲ್ಲಿ ಸರಕಾರಿ ಅಭಿಯೋಜಕರು ತೀರ್ಮಾನಿಸಿದರು. ಕಾವಲಿಗೆಂದು ಕಾರಿನೊಳಗೆ ಕುಳಿತು ಮೊಬೈಲ್ ನೋಡುತ್ತಿದ್ದ ಚಾಲಕಿ ಮಾತ್ರ 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷಗಳ ಪ್ರೊಬೇಷನ್ನಿಗೆ ಒಳಗಾದಳು. ಆದರೆ ಗಾಳಿ ಒಂದೇ ದಿಕ್ಕಿಗೆ ಬೀಸುತ್ತಿಲ್ಲ. 2019ರಲ್ಲಿ ಫ್ಲಾರಿಡಾದಲ್ಲಿ ನಡೆದ ಒಂದು ಮಾರಣಾಂತಿಕ ಅಪಘಾತಕ್ಕೆ ಟೆಸ್ಲಾ ಕಂಪನಿಯೂ ಶೇ. 33ರಷ್ಟು ಹೊಣೆಯೆಂದು 2025ರ ಆಗಸ್ಟ್‌ನಲ್ಲಿ ಅಲ್ಲಿನ ಜ್ಯೂರಿ ಹೇಳಿತು. ಬ್ರಿಟನ್ 2024ರ ಮೇ 20ರಂದು ಸ್ವಯಂಚಾಲಿತ ವಾಹನಗಳ ಕಾಯ್ದೆಯನ್ನೇ ತಂದಿದೆ. ಅನುಮತಿ ಪಡೆದ ವಾಹನ ತಾನೇ ಓಡುತ್ತಿರುವಾಗ ಓಡಿಸಿದ ರೀತಿಯ ತಪ್ಪಿಗೆ ಒಳಗೆ ಕುಳಿತವನನ್ನು ಶಿಕ್ಷಿಸುವಂತಿಲ್ಲ. ಅನುಮತಿ ಪಡೆದ ಸಂಸ್ಥೆಯೇ ಉತ್ತರ ಕೊಡಬೇಕು.

ನಮ್ಮ 1988ರ ಮೋಟಾರು ವಾಹನ ಕಾಯ್ದೆಗೆ ಇಂಥ ಕಲ್ಪನೆಯೇ ಇಲ್ಲ. ಕಲಂ 2(9)ರ ‘ಚಾಲಕ’ನ ವ್ಯಾಖ್ಯೆಯಲ್ಲಿ, ಮತ್ತೊಂದು ವಾಹನ ಎಳೆದೊಯ್ಯುವ ಗಾಡಿಯ ಸ್ಟೇರಿಂಗ್ ಹಿಡಿದವನೂ ಚಾಲಕನೇ ಎಂದಿದೆ. ಇಂಜಿನ್ ಅವನದಲ್ಲ, ವೇಗ ಅವನದಲ್ಲ, ಆದರೂ ದಿಕ್ಕು ಅವನ ಕೈಯಲ್ಲಿರುವುದರಿಂದ ಹೊಣೆಯೂ ಅವನದು. 1988ರಲ್ಲಿ ಹಗ್ಗಕ್ಕೆ ಕಟ್ಟಿದ ಜೀಪನ್ನು ಕಣ್ಣೆದುರಿಗಿಟ್ಟುಕೊಂಡು ಬರೆದ ಆ ಸಾಲು ಇಂದಿನ ಕಾರಿಗೂ ವಿಚಿತ್ರವಾಗಿ ಒಪ್ಪುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ ಕಲಂ 2ಬಿ, ಸಂಶೋಧನೆಯ ಪ್ರೋತ್ಸಾಹಕ್ಕಾಗಿ ಕೆಲವು ಬಗೆಯ ವಾಹನಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೆ ನೀಡಿದೆಯೇ ಹೊರತು ಅಪಘಾತದ ಹೊಣೆಯ ಪ್ರಶ್ನೆಯನ್ನು ಮುಟ್ಟಿಲ್ಲ. ನಿಷ್ಕಾಳಜಿಯಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 106(1)ರಲ್ಲಿ ಐದು ವರ್ಷಗಳವರೆಗೆ ಶಿಕ್ಷೆಯಿದೆ. ಹಳೆಯ ದಂಡ ಸಂಹಿತೆಯ 304ಎಯಲ್ಲಿ ಅದು ಎರಡೇ ವರ್ಷವಿತ್ತು. ಅಂದರೆ ಕಾರು ಚಾಲಕನ ಕೆಲಸವನ್ನು ಹಗುರ ಮಾಡಿದ ಕಾಲದಲ್ಲೇ ಕಾಯ್ದೆ ಅವನ ತಪ್ಪನ್ನು ಭಾರ ಮಾಡಿದೆ. ‘ಕಾರು ತಾನೇ ನಿಲ್ಲುತ್ತದೆಂದು ನಂಬಿದ್ದೆ’ ಎಂಬ ಮಾತು ನ್ಯಾಯಾಲಯದಲ್ಲಿ ಸಮರ್ಥನೆಯಾಗುವುದಿರಲಿ, ಕೆಲವೊಮ್ಮೆ ನಿಷ್ಕಾಳಜಿಯ ಒಪ್ಪಿಗೆಯೇ ಆಗಿ ಬಿಡಬಹುದು.

ಹಾಗಾದರೆ ಕಂಪನಿಗೆ ಯಾವ ಹೊಣೆಯೂ ಇಲ್ಲವೇ? ಇದೆ, ಆದರೆ ಬೇರೆ ಬಾಗಿಲಲ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆರನೆಯ ಅಧ್ಯಾಯ ಉತ್ಪನ್ನದ ಹೊಣೆಗಾರಿಕೆಯನ್ನು ಹೇಳುತ್ತದೆ. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ ಇದ್ದರೆ ಮಾತ್ರವಲ್ಲ, ಸರಿಯಾದ ಬಳಕೆಯ ಸೂಚನೆಯನ್ನೋ ಎಚ್ಚರಿಕೆಯನ್ನೋ ಸಾಕಷ್ಟು ಕೊಡದಿದ್ದರೂ ಕಲಂ 84ರಂತೆ ತಯಾರಕನು ಹೊಣೆಗಾರ. ತಯಾರಕನ ಎಚ್ಚರಿಕೆಯನ್ನು ಗಿರಾಕಿಗೆ ಮುಟ್ಟಿಸದ ಮಾರಾಟಗಾರನಿಗೂ ಕಲಂ 86 ಅನ್ವಯಿಸುತ್ತದೆ. ಗಡಿಭಾಗದ ಕನ್ನಡಿಗರಿಗೆ ಇದು ಬರಿಯ ಕಾಯ್ದೆಯ ಮಾತಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಕಾರಿನ ಕೈಪಿಡಿ ಇಂಗ್ಲಿಷಿನಲ್ಲಿ. ನಿಂತ ವಾಹನಕ್ಕೆ ವ್ಯವಸ್ಥೆ ಸ್ಪಂದಿಸದೆ ಇರಬಹುದು ಎಂಬ ಸಾಲು ನೂರಾರು ಪುಟಗಳ ನಡುವೆ ಎಲ್ಲೋ ಇದ್ದರೆ ಸಾಕೇ? ಕೊಳ್ಳುವವನಿಗೆ ತಿಳಿಯುವ ಭಾಷೆಯಲ್ಲಿ ಅದನ್ನು ಹೇಳಬೇಕಾಗಿತ್ತೇ? ಈ ಪ್ರಶ್ನೆಯನ್ನು ಯಾರಾದರೂ ಆಯೋಗದ ಮುಂದೆ ಗಟ್ಟಿಯಾಗಿ ಎತ್ತುವುದು ಅವಶ್ಯ.

ಎತ್ತಲು ಒಳ್ಳೆಯ ಆಧಾರವೂ ಇದೆ. 2017ರಲ್ಲಿ ಪಾಣಿಪತ್ ಬಳಿ ಅಪಘಾತಕ್ಕೀಡಾದ ಹುಂಡೈ ಕ್ರೆಟಾ ಕಾರಿನ ಏರ್‌ಬ್ಯಾಗುಗಳು ತೆರೆದುಕೊಳ್ಳಲಿಲ್ಲ. ಡಿಕ್ಕಿಯ ರಭಸ ಅದಕ್ಕೆ ಸಾಕಷ್ಟಿರಲಿಲ್ಲವೆಂಬ ಧಾಟಿಯಲ್ಲಿ ಕಂಪನಿ ವಾದಿಸಿತು. 2022ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ, ವೇಗ ಮತ್ತು ಬಲದ ಸಿದ್ಧಾಂತಗಳನ್ನು ಲೆಕ್ಕ ಹಾಕಿ ಕಾರು ಕೊಳ್ಳಬೇಕೆಂದು ಗ್ರಾಹಕನಿಂದ ನಿರೀಕ್ಷಿಸಲಾಗದು ಎಂದು ಹೇಳಿ, ಗ್ರಾಹಕ ಆಯೋಗ ಕೊಡಿಸಿದ ಪರಿಹಾರವನ್ನು ಎತ್ತಿ ಹಿಡಿಯಿತು. ಏರ್‌ಬ್ಯಾಗಿಗೆ ಸಲ್ಲುವ ನ್ಯಾಯ ತಾನೇ ಹಾಕಿಕೊಳ್ಳುವ ಬ್ರೇಕಿಗೂ ಸಲ್ಲಬೇಕು. ದೂರು ಕೊಡಲು ದಿಲ್ಲಿಗೋ ಪುಣೆಗೋ ಹೋಗಬೇಕಿಲ್ಲ. ದೂರುದಾರನು ವಾಸಿಸುವ ಜಿಲ್ಲೆಯ ಆಯೋಗದಲ್ಲಿ, ಅಂದರೆ ಜತ್ತ ತಾಲೂಕಿನವನು ಸಾಂಗಲಿಯಲ್ಲೇ, ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಈ ತಂತ್ರಜ್ಞಾನ ಬೇಡ ಎನ್ನುವುದು ತಪ್ಪಾಗುತ್ತದೆ. ತೂಕಡಿಸಿದ ಚಾಲಕನನ್ನು ಎಬ್ಬಿಸುವ ಒಂದು ಗಂಟೆಯ ಸದ್ದು, ಒಂದು ಅರೆಸೆಕೆಂಡು ಮೊದಲೇ ಬಿದ್ದ ಬ್ರೇಕು ಎಷ್ಟೋ ಮನೆಗಳ ದೀಪ ಉಳಿಸಬಲ್ಲದು. ಬಸ್ಸು, ಲಾರಿಗಳಿಗೆ ಇಂಥ ವ್ಯವಸ್ಥೆಗಳನ್ನು ಕಡ್ಡಾಯ ಮಾಡಲು ಕೇಂದ್ರ ಸರಕಾರ 2025ರ ಮಾರ್ಚ್‌ನಲ್ಲಿ ಕರಡು ಅಧಿಸೂಚನೆ ಹೊರಡಿಸಿದ್ದು ಯೋಗ್ಯ ಹೆಜ್ಜೆ. ಚಾಲಕರೇ ಇಲ್ಲದ ಕಾರಿಗೆ ಮಾತ್ರ ಕೇಂದ್ರ ಸಚಿವ ನಿತಿನ್ ಗಡ್ಕರಿಯವರ ವಿರೋಧ ಹಳೆಯದು. ಲಕ್ಷಾಂತರ ಚಾಲಕರ ಅನ್ನ ಹೋಗುತ್ತದೆ ಎಂದು 2023ರ ಡಿಸೆಂಬರ್‌ನಲ್ಲಿ ನಾಗಪುರದಲ್ಲಿಯೂ ಅವರು ಹೇಳಿದರು. ಮಳೆ ಕೈಕೊಟ್ಟ ವರ್ಷ ಪಿಕಪ್ಪು, ಲಾರಿಗಳ ಸ್ಟೇರಿಂಗ್ ಹಿಡಿದು ಮನೆ ನಡೆಸುವ ಬರದ ತಾಲೂಕಿನ ತರುಣರು ಈ ಮಾತನ್ನು ಹಗುರವಾಗಿ ಕೇಳಲಾರರು.

ಇನ್ನು ವ್ಯವಹಾರದ ನಾಲ್ಕು ಮಾತು. ಕಾರು ಕೈಗೆ ಬರುವ ದಿನ ಹೂಮಾಲೆ, ಫೋಟೋಗಳ ಗಡಿಬಿಡಿಯಲ್ಲಿ ಸಹಿ ಮಾಡುವ ಮುಂಚೆ, ಯಾವ ವೇಗದಲ್ಲಿ, ಯಾವ ವಸ್ತುವಿಗೆ ಬ್ರೇಕು ತಾನೇ ಬೀಳುವುದಿಲ್ಲ ಎಂದು ಕೇಳಿ ಬರೆಸಿಕೊಳ್ಳಬೇಕು. ಅಪಘಾತವಾದರೆ ಗಾಡಿಯನ್ನು ಅವಸರದಿಂದ ದುರಸ್ತಿಗೆ ಬಿಡಬಾರದು. ಡಿಕ್ಕಿಯ ಕ್ಷಣದ ವೇಗ, ಬ್ರೇಕಿನ ಮಾಹಿತಿ ಅನೇಕ ಕಾರುಗಳ ಏರ್‌ಬ್ಯಾಗಿನ ನಿಯಂತ್ರಣ ಘಟಕದಲ್ಲಿ ಉಳಿದಿರುತ್ತದೆ. ಅದನ್ನು ಪುರಾವೆಯಾಗಿ ಹಾಜರು ಮಾಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ. ಪರಿಹಾರದ ಅರ್ಜಿಗೆ ತಿದ್ದುಪಡಿಯಾದ ಕಲಂ 166 ಆರು ತಿಂಗಳ ಗಡುವು ಹಾಕಿದೆ. ಎಂ.ಎಚ್. 10ರ ಗಾಡಿ ಕರ್ನಾಟಕದ ನೆಲದಲ್ಲಿ ಅಪಘಾತಕ್ಕೀಡಾದರೆ ಅರ್ಜಿಗಾಗಿ ವಿಜಯಪುರಕ್ಕೆ ಅಲೆಯಲೇಬೇಕೆಂಬ ತಿಳಿವಳಿಕೆ ಅನೇಕರಲ್ಲಿದೆ. ಅದು ಸರಿಯಲ್ಲ. ಅಪಘಾತ ನಡೆದ ಸ್ಥಳ, ಅರ್ಜಿದಾರರ ವಾಸಸ್ಥಳ, ಪ್ರತಿವಾದಿಯ ವಾಸಸ್ಥಳ ಇವುಗಳಲ್ಲಿ ಯಾವುದರ ವ್ಯಾಪ್ತಿಯ ನ್ಯಾಯಾಧಿಕರಣವನ್ನಾದರೂ ಆರಿಸಿಕೊಳ್ಳುವ ಹಕ್ಕು ಅರ್ಜಿದಾರರದೇ.