ತಂತಿಗಾಗಿ ಬೇಯುವ ಉಕ್ಕು

ದಕ್ಷಿಣ ಫ್ರಾನ್ಸಿನಲ್ಲಿ ಭಾರತವೂ ಸೇರಿ ಏಳು ಪಾಲುದಾರರು ಕಟ್ಟುತ್ತಿರುವ ಇಟರ್ ಸಮ್ಮಿಳನ ಯಂತ್ರಕ್ಕೆ 18 ದೈತ್ಯ ಅತಿವಾಹಕ ಸುರುಳಿಗಳಿವೆ. ಅವುಗಳ ಕೇಬಲ್ಲಿನಲ್ಲಿ ಹರಿಯಬೇಕಾದ ವಿದ್ಯುತ್ 68,000 ಆಂಪಿಯರ್, ಕಾಂತಕ್ಷೇತ್ರ ಗರಿಷ್ಠ 11.8 ಟೆಸ್ಲಾ. ಎರಡನ್ನೂ ಗುಣಿಸಿದರೆ ಒಂದು ಮೀಟರ್ ಕೇಬಲ್ಲಿನ ಮೇಲೆ ಬೀಳುವ ನೂಕು ಸಿಗುತ್ತದೆ: ಹತ್ತಿರ ಹತ್ತಿರ 80 ಟನ್ ಭಾರದಷ್ಟು.

ಕೇಬಲ್ ಎಂದರೆ ಸಾವಿರಕ್ಕೂ ಹೆಚ್ಚು ಸಣ್ಣ ಎಳೆಗಳ ಹುರಿ. ಅದರ ಮೇಲೆ 2 ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆ, ಅದೇ ಕವಚ. ಎಳೆಗಳ ಸಂದಿಯಲ್ಲಿ ಮೈನಸ್ 269 ಡಿಗ್ರಿಯ ಆಸುಪಾಸಿನ ಹೀಲಿಯಂ ಹರಿಯುತ್ತಿರುತ್ತದೆ. ಕೊಳವೆ ಎಲ್ಲಿಯೂ ಸೋರಕೂಡದು.

ಕಟ್ಟಡದ ಸರಳಿನ ಉಕ್ಕು ಈ ಚಳಿಯಲ್ಲಿ ಗಾಜಿನಂತೆ ಒಡೆಯುತ್ತದೆ. ಆಸ್ಟೆನೈಟ್ ಜಾತಿಯ ಸ್ಟೇನ್‌ಲೆಸ್ ಉಕ್ಕು ಹಾಗಲ್ಲ. ತಣ್ಣಗಾದಷ್ಟೂ ಗಟ್ಟಿಯಾಗುತ್ತದೆ, ಬಾಗುವ ಗುಣವನ್ನೂ ಬಿಡುವುದಿಲ್ಲ. ಇಲ್ಲಿ ಬಳಸಿದ್ದು 316ಎಲ್‌ಎನ್. ಹೆಸರಿನ ಎಲ್ ಎಂದರೆ ಇಂಗಾಲ ಕಡಿಮೆ, ಎನ್ ಎಂದರೆ ಸಾರಜನಕ ಬೆರೆತಿದೆ ಎಂದು. ಚಳಿಯಲ್ಲಿ ಬಲ ಕೊಡುವುದು ಆ ಚಿಟಿಕೆ ಸಾರಜನಕವೇ.

ಹಾಗಾದರೆ ತೊಂದರೆ ಎಲ್ಲಿ? ಒಲೆಯಲ್ಲಿ. ಎಳೆಗಳಲ್ಲಿರುವ ನಿಯೋಬಿಯಂ-ತವರದ ಅತಿವಾಹಕ ಸಿದ್ಧವಾದ ಮೇಲೆ ಬಲು ಪೆಡಸು, ಬಗ್ಗಿಸಿದರೆ ಬಿರುಕು. ಚಕ್ಕುಲಿಯನ್ನು ಕರಿದ ಮೇಲೆ ಸುತ್ತಲಾದೀತೇ? ಹಾಗಾಗಿ ಹುರಿಯನ್ನು ಕೊಳವೆಗೆ ಎಳೆದು, ಉರುಳೆಗಳಲ್ಲಿ ಅಮುಕಿ, ಸುರುಳಿ ಸುತ್ತಿ, ಕೊನೆಗೆ 650 ಡಿಗ್ರಿಯಲ್ಲಿ ದಿನಗಟ್ಟಲೆ ಬೇಯಿಸುತ್ತಾರೆ. ಬೇಯಬೇಕಾದದ್ದು ತಂತಿ, ಜೊತೆಗೆ ಬೇಯುವುದು ಉಕ್ಕು. ಆ ಶಾಖದಲ್ಲಿ ಉಕ್ಕಿನೊಳಗಿನ ಇಂಗಾಲವು ಕ್ರೋಮಿಯಮ್ಮಿನ ಜೊತೆ ಕೂಡಿ ಹರಳುಗಳ ಅಂಚಿನಲ್ಲಿ ಕೂರುತ್ತದೆ. ಆಮೇಲೆ ಚಳಿಯಲ್ಲಿ ಎಳೆದರೆ ಉಕ್ಕು ಬಿಡುವುದು ಅದೇ ಅಂಚಿನಲ್ಲಿ. ಅದಕ್ಕೇ ಇಂಗಾಲವನ್ನು ಶೇ. 0.02ರೊಳಗೆ ಹಿಡಿದಿಡುತ್ತಾರೆ. ಅಮುಕಿ, ಬೇಯಿಸಿದ ಮೇಲೂ ಹೀಲಿಯಂ ಚಳಿಯಲ್ಲಿ ತುಂಡಾಗುವ ಮುನ್ನ ಶೇ. 20ರಷ್ಟಾದರೂ ಹಿಗ್ಗಬೇಕೆಂಬುದು ಷರತ್ತು. ನನ್ನ ಮಟ್ಟಿಗೆ ಕವಚದ ನಿಜವಾದ ಪರೀಕ್ಷೆ ಬಲದ್ದಲ್ಲ, ಈ ಹಿಗ್ಗಿನದು.

ಕುಗ್ಗುವಿಕೆಯದು ಇನ್ನೊಂದು ತಕರಾರು. ತಣಿಯುವಾಗ ಉಕ್ಕು ಮೀಟರಿಗೆ ಸುಮಾರು 3 ಮಿಲಿಮೀಟರ್ ಕುಗ್ಗಿ, ಅಷ್ಟು ಕುಗ್ಗದ ತಂತಿಯನ್ನು ಹಿಂಡುತ್ತದೆ. ತಂತಿ ಹೊರಬಲ್ಲ ವಿದ್ಯುತ್ ಇಳಿಯುತ್ತದೆ. ಇದಕ್ಕೆ ಮದ್ದಾಗಿ ತಂತಿಯಷ್ಟೇ ಕುಗ್ಗುವ ಇಂಕೊಲಾಯ್ 908 ಎಂಬ ಮಿಶ್ರಲೋಹ ಬಂತು. ಜಪಾನಿನ ನಾಕಾದಲ್ಲಿ 2000ದಲ್ಲಿ ಪರೀಕ್ಷಿಸಿದ ಮಾದರಿ ಸುರುಳಿಗೆ ಅದರದೇ ಕವಚ. ಆದರೆ ಬೇಯಿಸುವಾಗ ಒಲೆಯಲ್ಲಿ ಲವಲೇಶ ಆಮ್ಲಜನಕ ಉಳಿದರೂ ಬಿಗಿತದಲ್ಲಿರುವ ಕಡೆ ಅದು ಬಿರುಕು ಬಿಡುವ ಲೋಹ. ಅಂಥದ್ದನ್ನು ಕೈಬಿಟ್ಟದ್ದೇ ಸರಿ. ಯಂತ್ರದ ನಡುವೆ ನಿಲ್ಲುವ ಸೊಲೆನಾಯ್ಡ್ ಎಂಬ ಬೇರೊಂದು ಸುರುಳಿಗೆ ಈಗ ಜಪಾನಿನಲ್ಲಿ ರೂಪಿಸಿದ, ಮ್ಯಾಂಗನೀಸ್ ಹೆಚ್ಚಿರುವ, ಕಡಿಮೆ ಕುಗ್ಗುವ ಜೆಕೆ2ಎಲ್‌ಬಿ ಉಕ್ಕು. 18 ಸುರುಳಿಗಳಲ್ಲಿ ನೂಕನ್ನು ಹೊರಲು ಕೇಬಲ್ ಕೂರುವ ದಪ್ಪ ಉಕ್ಕಿನ ತಟ್ಟೆಗಳಿವೆ. ಸೊಲೆನಾಯ್ಡ್‌ನಲ್ಲಿ ಅಂಥ ಆಸರೆ ಇಲ್ಲದ್ದರಿಂದ ಅಲ್ಲಿ ಕವಚ 49 ಮಿಲಿಮೀಟರ್ ಚೌಕದ ದಪ್ಪ ಗೋಡೆಯದು.

ಎಳೆದು ನೋಡುವ ಪರೀಕ್ಷೆಯೂ ವಿಚಿತ್ರವೇ. ಕೊಳವೆಯಿಂದ ಕತ್ತರಿಸಿದ ಪಟ್ಟಿಯನ್ನು ದ್ರವ ಹೀಲಿಯಮ್ಮಿನಲ್ಲಿ ಮುಳುಗಿಸಿ ಎಳೆದರೆ ಬಲವನ್ನು ತೋರಿಸುವ ಗೆರೆ ನಯವಾಗಿ ಏರುವುದಿಲ್ಲ, ಗರಗಸದ ಹಲ್ಲಿನಂತೆ ಏರಿ ಬೀಳುತ್ತದೆ. ಆ ಚಳಿಯಲ್ಲಿ ಉಕ್ಕಿಗೆ ಶಾಖ ಹಿಡಿದಿಡುವ ಶಕ್ತಿ ತೀರಾ ಕಡಿಮೆ. ಒಂದು ಕಡೆ ಕೊಂಚ ಜಾರಿದರೂ ಅಷ್ಟೇ ಜಾಗ ಬಿಸಿಯಾಗಿ, ಮೆತ್ತಗಾಗಿ, ಮತ್ತಷ್ಟು ಜಾರುತ್ತದೆ. ಹೀಲಿಯಂ ತಣಿಸಿದ ಮೇಲೆ ಮತ್ತೆ ಬಿಗಿ. ಅದಕ್ಕೇ ಎಳೆಯುವುದು ಬಹಳ ನಿಧಾನಕ್ಕೆ. ಅವಸರ ಮಾಡಿದರೆ ಸಿಗುವುದು ಬಿಸಿಯಾದ ಉಕ್ಕಿನ ಅಳತೆ.