ಟೆಸ್ಟೊಸ್ಟೆರೋನ್ ಚಿಕಿತ್ಸೆಯೂ ರಕ್ತನಾಳಗಳೂ: ಅಲ್ಪಕಾಲದ ಸಾಕ್ಷ್ಯದ ವಿಚಾರ

ನಮ್ಮ ತುಳುನಾಡಿನ ಹಳ್ಳಿಗಳಲ್ಲಿ ಹುಂಜವನ್ನು ಹೇಂಟೆಯಿಂದ ಬೇರೆಯಾಗಿ ಗುರುತಿಸಲು ಅದರ ದೊಡ್ಡ ಕೆಂಪು ಜುಟ್ಟೇ ಸಾಕು. ಆ ಕೆಂಪು ಜುಟ್ಟಿನಲ್ಲಿ ದಟ್ಟವಾಗಿ ಹಬ್ಬಿರುವ ಸೂಕ್ಷ್ಮ ರಕ್ತನಾಳಗಳದು. ವೃಷಣಗಳ ಸ್ರಾವಕ್ಕೂ ಶರೀರದ ಇತರ ಭಾಗಗಳಿಗೂ ಇರುವ ಸಂಬಂಧವು ಪ್ರಯೋಗದಿಂದ ತಿಳಿದುಬಂದುದೂ ಈ ಜುಟ್ಟಿನಿಂದಲೇ. 1849ರಲ್ಲಿ ಜರ್ಮನಿಯ ಗಟ್ಟಿಂಗೆನ್ನಿನಲ್ಲಿ ಬರ್ತೋಲ್ಡನು ಹುಂಜಗಳ ವೃಷಣಗಳನ್ನು ತೆಗೆದಾಗ ಜುಟ್ಟು ಬೆಳೆಯದೆ ಕುಂದಿತು. ವೃಷಣವನ್ನು ಹೊಟ್ಟೆಯೊಳಗೆ ನೆಟ್ಟಾಗ ಮತ್ತೆ ಬೆಳೆಯಿತು. ಯಾವುದೋ ದ್ರವ್ಯವು ರಕ್ತದ ಮೂಲಕ ಹರಿದು ಈ ಕಾರ್ಯವನ್ನು ಮಾಡುತ್ತದೆಂದು ಆತನು ಊಹಿಸಿದನು.

1889ರಲ್ಲಿ ಪ್ಯಾರಿಸ್ಸಿನ ಬ್ರೌನ್-ಸೆಕಾರ್ಡನು ತನ್ನ 72ನೆಯ ವಯಸ್ಸಿನಲ್ಲಿ ಪ್ರಾಣಿಗಳ ವೃಷಣರಸವನ್ನು ಚುಚ್ಚಿಕೊಂಡು, ಯೌವನದ ಬಲವು ಮರಳಿತೆಂದು ಸಾರಿದನು. ನೀರಿನಲ್ಲಿ ತೆಗೆದ ಆ ರಸದಲ್ಲಿ ಸ್ರಾವದ ಅಂಶವು ತೀರ ಅತ್ಯಲ್ಪವಾಗಿದ್ದುದರಿಂದ ಅದು ಕೇವಲ ನಂಬಿಕೆಯ ಫಲವೆಂದು ಈಗ ತಿಳಿಯಲಾಗಿದೆ. ಶುದ್ಧ ಟೆಸ್ಟೊಸ್ಟೆರೋನ್ ದೊರೆತುದು 1935ರಲ್ಲಿ. ಮರುದಶಕದಲ್ಲಿಯೇ ವೈದ್ಯರು ಅದನ್ನು ಹೃದ್ರೋಗದ ಎದೆನೋವಿಗೆ ಕೊಡತೊಡಗಿದರು.

ಈ ದ್ರವ್ಯವು ರಕ್ತನಾಳಗಳ ಮೇಲೆ ಮಾಡುವ ಶೀಘ್ರಪರಿಣಾಮ ಸಾಕಷ್ಟು ಸ್ಪಷ್ಟವಾಗಿದೆ. ನಾಳಭಿತ್ತಿಯ ಸ್ನಾಯುಕಣಗಳೊಳಕ್ಕೆ ಕ್ಯಾಲ್ಸಿಯಂ ನುಗ್ಗುವುದನ್ನು ಅದು ತಡೆಯುತ್ತದೆ; ಸ್ನಾಯು ಸಡಿಲಗೊಂಡು ನಾಳವು ಹಿಗ್ಗುತ್ತದೆ. 1999ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 13 ಮಂದಿ ಹೃದ್ರೋಗಿಗಳ ಹೃದಯದ ಧಮನಿಗಳೊಳಗೇ ಇದನ್ನು ಹರಿಸಿದಾಗ, ಅವು ಕೆಲವೇ ನಿಮಿಷಗಳಲ್ಲಿ ಸ್ವಲ್ಪಮಟ್ಟಿಗೆ ಅಗಲವಾದುವು.

ಆದರೆ ಸ್ರಾವದ ಕೊರತೆಯುಳ್ಳ ಪುರುಷರ ವಿಷಯದಲ್ಲಿ ಸಂಗತಿ ಇಷ್ಟು ಸರಳವಲ್ಲ. ತೋಳಿಗೆ ಪಟ್ಟಿ ಬಿಗಿದು ರಕ್ತವನ್ನು ಕೆಲವು ನಿಮಿಷ ತಡೆದು ಬಿಟ್ಟರೆ, ಹರಿವಿನ ರಭಸಕ್ಕೆ ಧಮನಿಯು ಹಿಗ್ಗುವುದು ಆರೋಗ್ಯದ ಲಕ್ಷಣ. ಜರ್ಮನಿಯ ಮ್ಯೂನ್‌ಸ್ಟರಿನಿಂದ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂತಹ ಪುರುಷರಿಗೆ 3 ತಿಂಗಳು ಚಿಕಿತ್ಸೆ ಕೊಟ್ಟ ಬಳಿಕ ಈ ಹಿಗ್ಗುವಿಕೆ ಹೆಚ್ಚುವ ಬದಲು ಕುಗ್ಗಿತು. ನಿಮಿಷಗಳ ಸಾಕ್ಷ್ಯವೂ ತಿಂಗಳುಗಳ ಸಾಕ್ಷ್ಯವೂ ಪರಸ್ಪರ ವಿರುದ್ಧವಾಗಿ ಕಂಡರೂ ಎರಡೂ ಸುಳ್ಳಲ್ಲ. ಪ್ರಮಾಣ, ನಾಳ, ಕಾಲ ಇವು ಬೇರೆಯಾಗಿವೆ, ಅಷ್ಟೆ.

ವರ್ಷಗಳ ಸಾಕ್ಷ್ಯ ಬಂದುದು 2023ರಲ್ಲಿ. ಅಮೆರಿಕದಲ್ಲಿ ಹೃದ್ರೋಗವಿದ್ದ ಅಥವಾ ಅದರ ಅಪಾಯ ಹೆಚ್ಚಾಗಿದ್ದ, ಸ್ರಾವದ ಕೊರತೆಯುಳ್ಳ 5,200ಕ್ಕೂ ಹೆಚ್ಚು ಪುರುಷರನ್ನು ಎರಡು ತಂಡಗಳಾಗಿ ವಿಂಗಡಿಸಿ ನೋಡಲಾಯಿತು. ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದಿಂದ ಮರಣ ಇವು ಚಿಕಿತ್ಸೆ ಪಡೆದವರಲ್ಲಿ ಶೇಕಡಾ 7.0, ಪಡೆಯದವರಲ್ಲಿ 7.3. ಹಾನಿ ಹೆಚ್ಚಲಿಲ್ಲ, ಹೃದಯಕ್ಕೆ ರಕ್ಷಣೆಯೂ ದೊರೆಯಲಿಲ್ಲ. ಹೃದಯದ ಬಡಿತ ಲಯತಪ್ಪುವುದೂ ಶ್ವಾಸಕೋಶದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದೂ ಚಿಕಿತ್ಸೆ ಪಡೆದವರಲ್ಲಿ ತುಸು ಹೆಚ್ಚಾಗಿ ಕಂಡುಬಂದುವು.

ಇದರಿಂದ ಎರಡು ಮಾತು ಸಿದ್ಧವಾಗುತ್ತವೆ. ಬೆಳಗಿನ ರಕ್ತಪರೀಕ್ಷೆಯನ್ನು ಬೇರೆ ಬೇರೆ ದಿನಗಳಲ್ಲಿ ಮಾಡಿಸಿ, ರೋಗಲಕ್ಷಣಗಳೊಡನೆ ಕೊರತೆಯು ದೃಢಪಟ್ಟವರು ವೈದ್ಯರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಪಡೆಯಲು ಅತಿಯಾಗಿ ಅಂಜಬೇಕಿಲ್ಲ. ಕೊರತೆಯಿಲ್ಲದವರು ಬಲವರ್ಧನೆಗೆಂದು ಚುಚ್ಚಿಸಿಕೊಂಡರೆ, ಸ್ವಂತ ವೃಷಣಗಳ ಕಾರ್ಯವೇ ಕುಗ್ಗಿ ಸಂತಾನಶಕ್ತಿಗೆ ಧಕ್ಕೆಯಾದೀತು, ರಕ್ತವೂ ಮಂದವಾದೀತು.

ಶಾಸನವೊಂದು ತನ್ನ ಕಾಲಕ್ಕೆ ಮಾತ್ರ ಸಾಕ್ಷಿಯೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಪ್ರಯೋಗಶಾಲೆಯ ಸಾಕ್ಷ್ಯಕ್ಕೂ ಅದೇ ನಿಯಮ ಸಲ್ಲುತ್ತದೆ. ಧಮನಿಯು ಹಿಗ್ಗಿತೆಂದು ಕೇಳಿದಾಗ, ಎಷ್ಟು ಕಾಲ ಹಿಗ್ಗಿತು, ಅದರಿಂದ ರೋಗಿಯ ಆಯುಷ್ಯಕ್ಕೇನಾಯಿತು ಎಂದು ವಿಚಾರಿಸುವುದು ಅವಶ್ಯಕ.